ಹಸಿರು ಚುಕ್ಕೆ ಕಾಣುತ್ತದೆ, ಬಾಟ್ ಮಾತ್ರ ಮೌನ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಕೋಲಾರದಲ್ಲಿ ಬಿ.ಸಿ.ಎ. ಅಂತಿಮ ವರ್ಷದಲ್ಲಿ ಓದುತ್ತಿದ್ದೇನೆ. ಸಂಜೆ ನಾವು ಹತ್ತು ಹನ್ನೆರಡು ಮಂದಿ ಗೆಳೆಯರು ಡಿಸ್ಕಾರ್ಡ್ ಎಂಬ ಹರಟೆ ಆ್ಯಪ್‌ನ ವಾಯ್ಸ್ ಚಾನೆಲ್‌ನಲ್ಲಿ ಸೇರಿ ಮಾತನಾಡುತ್ತೇವೆ. ಹೆಚ್ಚಿನವರದು ಟೊಮೆಟೊ ಬೆಳೆಯುವ ಮನೆ. ಆದ್ದರಿಂದ ಯಾರಾದರೂ ‘!ದರ’ ಎಂದು ಬರೆದರೆ ಆ ದಿನ 15 ಕೆ.ಜಿ. ಬಾಕ್ಸಿಗೆ ಸಿಕ್ಕ ಬೆಲೆಯನ್ನು ತಿಳಿಸುವ ಬಾಟ್ (ತಾನಾಗಿ ಉತ್ತರಿಸುವ ಪ್ರೋಗ್ರಾಂ) ಒಂದನ್ನು ಡಿಸ್ಕಾರ್ಡ್ ಜೆಎಸ್ ಎಂಬ ಲೈಬ್ರರಿಯಿಂದ, ಅಂದರೆ ಸಿದ್ಧ ಕೋಡ್‌ನ ಸಂಗ್ರಹದಿಂದ, ಬರೆದೆ. ಬಾಟ್‌ನ ಹೆಸರಿನ ಪಕ್ಕ ಹಸಿರು ಚುಕ್ಕೆ ಕಾಣುತ್ತದೆ, ಉತ್ತರ ಮಾತ್ರ ಬರುವುದಿಲ್ಲ. ಬಂದ ಸಂದೇಶದ ಪಠ್ಯವನ್ನು ಕನ್ಸೋಲ್‌ನಲ್ಲಿ ಮುದ್ರಿಸಿದರೆ ಖಾಲಿ ಸಾಲು. ಬೆಳಿಗ್ಗೆ ತಾನಾಗಿ ದರ ಕಳುಹಿಸಲೆಂದು ಚಾನೆಲ್‌ನ ಐಡಿ ಕೊಟ್ಟರೆ ‘ಅನ್‌ನೋನ್ ಚಾನೆಲ್’ ಎಂಬ ದೋಷ. ಹಳೆಯ ವಿಡಿಯೊ ಒಂದರಲ್ಲಿ ಇಂಥದೇ ಕೋಡ್ ಸರಿಯಾಗಿ ನಡೆಯುತ್ತದೆ. ಲೈಬ್ರರಿಯನ್ನು ಬಿಟ್ಟು ನೇರವಾಗಿ ಎಪಿಐ (ಪ್ರೋಗ್ರಾಂಗಳು ಡಿಸ್ಕಾರ್ಡ್‌ನೊಡನೆ ವ್ಯವಹರಿಸುವ ದಾರಿ) ಬಳಸುವುದೇ ಒಳ್ಳೆಯದೇ?

ಉತ್ತರ: ಬಿಡಬೇಡಿ. ನಿಮ್ಮ ಎರಡು ತೊಂದರೆಗಳಲ್ಲಿ ಒಂದೂ ಲೈಬ್ರರಿಯಿಂದ ಬಂದದ್ದಲ್ಲ; ನೇರವಾಗಿ ಎಪಿಐ ಬಳಸಿದ್ದರೂ ಎರಡೂ ಹೀಗೆಯೇ ಎದುರಾಗುತ್ತಿದ್ದವು.

ಡಿಸ್ಕಾರ್ಡ್ ಜೆಎಸ್ ಲೈಬ್ರರಿ ಡಿಸ್ಕಾರ್ಡ್ ಕಂಪನಿ ಬರೆದದ್ದಲ್ಲ. ಸ್ವತಂತ್ರ ಪ್ರೋಗ್ರಾಮರುಗಳು ನೋಡ್ ಜೆಎಸ್‌ಗಾಗಿ (ಬ್ರೌಸರ್‌ನ ಹೊರಗೆ ಜಾವಾಸ್ಕ್ರಿಪ್ಟ್ ನಡೆಸುವ ತಂತ್ರಾಂಶ) ಕಟ್ಟಿದ ಮುಕ್ತ ತಂತ್ರಾಂಶ ಅದು. ಸಂದೇಶ ಕಳುಹಿಸುವಂಥ ಕೆಲಸಗಳು ಸಾಮಾನ್ಯ ಎಚ್‌ಟಿಟಿಪಿ ಕೋರಿಕೆಗಳಾಗಿ ಹೋಗುತ್ತವೆ; ಡಿಸ್ಕಾರ್ಡ್‌ನಲ್ಲಿ ನಡೆದದ್ದನ್ನು ಕೇಳಿಸಿಕೊಳ್ಳಲು ಗೇಟ್‌ವೇ ಎಂಬ ವೆಬ್‌ಸಾಕೆಟ್ (ಎರಡೂ ಕಡೆಯಿಂದ ಮಾತು ಹರಿಯುವ) ಸಂಪರ್ಕ ಸದಾ ತೆರೆದಿರಬೇಕು. ಈ ಎರಡನೆಯದರಲ್ಲಿಯೇ ಲೈಬ್ರರಿಯ ಶ್ರಮ ಹೆಚ್ಚು. ಸಂಪರ್ಕ ಸಿಕ್ಕೊಡನೆ ಸರ್ವರ್ ‘ಹಲೋ’ ಎಂದು, ಎಷ್ಟು ಮಿಲಿಸೆಕೆಂಡಿಗೊಮ್ಮೆ ಹಾರ್ಟ್‌ಬೀಟ್ (ಸಂಪರ್ಕ ಜೀವಂತವಿದೆ ಎಂದು ತಿಳಿಸುವ ಸಣ್ಣ ಸಂದೇಶ) ಕಳುಹಿಸಬೇಕೆಂಬುದನ್ನು ತಿಳಿಸುತ್ತದೆ. ಬಾಟ್ ತನ್ನ ಗುಟ್ಟಿನ ಕೀಲಿಯಾದ ಟೋಕನ್ ತೋರಿಸಿ ಗುರುತು ಹೇಳಿಕೊಂಡ ಮೇಲೆ ಆ ಅವಧಿಗೆ ತಪ್ಪದೆ ಹಾರ್ಟ್‌ಬೀಟ್ ಹೋಗುತ್ತಿರಬೇಕು, ಪ್ರತಿಯೊಂದಕ್ಕೂ ಮರುಸ್ವೀಕೃತಿ ಬಂದಿತೇ ಎಂದು ನೋಡುತ್ತಿರಬೇಕು, ಬಾರದಿದ್ದರೆ ಸಂಪರ್ಕವನ್ನು ಮುರಿದು, ಕೊನೆಗೆ ಕಂಡ ಘಟನೆಯ ಕ್ರಮಸಂಖ್ಯೆಯನ್ನು ಕೊಟ್ಟು ನಿಂತಲ್ಲಿಂದ ಮುಂದುವರಿಸಬೇಕು. ಇದಲ್ಲದೆ ಒಂದು ಸೆಕೆಂಡಿಗೆ ಒಟ್ಟು 50 ಕೋರಿಕೆಗಳ ಮಿತಿಯೂ, ಒಂದೊಂದು ವಿಳಾಸಕ್ಕೆ ಬೇರೆ ಬೇರೆ ಮಿತಿಗಳೂ ಇರುವುದರಿಂದ, ಕೋರಿಕೆಗಳನ್ನು ಸಾಲಿನಲ್ಲಿ ನಿಲ್ಲಿಸಿ ಬಿಡುವ ಕೆಲಸವನ್ನೂ ಅದೇ ಮಾಡುತ್ತದೆ. ಕುತೂಹಲಕ್ಕಾಗಿ ಒಂದು ಭಾನುವಾರ ಈ ಗೇಟ್‌ವೇ ಸಂಪರ್ಕವನ್ನು ಕೈಯಾರೆ ಬರೆದು ನೋಡಿ, ಬಹಳ ತಿಳಿಯುತ್ತದೆ. ಆದರೆ ನಿತ್ಯ ಓಡಬೇಕಾದ ಬಾಟ್‌ಗೆ ಅದನ್ನು ನೆಚ್ಚಬೇಡಿ. ಲೈಬ್ರರಿಯ ವ್ಯಾಪ್ತಿ ಮಾತ್ರ ಇಷ್ಟೇ. ನಿಮ್ಮೂರಿನ ಮಂಡಿಯವರು ನಿಮ್ಮ ಪರವಾಗಿ ಹರಾಜು ಕೂಗಿಸಿಕೊಡುತ್ತಾರೆ, ಮಾರುಕಟ್ಟೆಯ ನಿಯಮವನ್ನು ತಿದ್ದಲಾರರು.

ಖಾಲಿ ಸಾಲಿನ ಕಾರಣವೂ ಅಂಥ ಒಂದು ನಿಯಮವೇ. ಯಾವ ಬಗೆಯ ಘಟನೆಗಳು ತನಗೆ ಬೇಕೆಂಬುದನ್ನು ಬಾಟ್ ಸಂಪರ್ಕದ ವೇಳೆಯಲ್ಲಿಯೇ ‘ಇಂಟೆಂಟ್’ಗಳ ಮೂಲಕ ಹೇಳಬೇಕು. ಇವುಗಳಲ್ಲಿ ಸದಸ್ಯರ ಪಟ್ಟಿ, ಸದಸ್ಯರ ಹಾಜರಿ ಸ್ಥಿತಿ, ಸಂದೇಶದ ಪಠ್ಯ ಎಂಬ ಮೂರನ್ನು ವಿಶೇಷ ಅನುಮತಿಯ ಇಂಟೆಂಟ್‌ಗಳೆಂದು ಬೇರೆಯಾಗಿ ಇರಿಸಿದ್ದಾರೆ. ಸಂದೇಶದ ಪಠ್ಯ ಈ ಪಟ್ಟಿಗೆ ಸೇರಿದ್ದು 2022ರಲ್ಲಿ; ನೀವು ನೋಡಿದ ವಿಡಿಯೊ ಅದಕ್ಕೂ ಹಿಂದಿನದಿರಬೇಕು. ಈಗ ಅನುಮತಿ ಇಲ್ಲದ ಬಾಟ್‌ಗೆ ಸಂದೇಶ ಬಂದ ಸುದ್ದಿ ಮುಟ್ಟುತ್ತದೆ, ಒಳಗಿನ ಪಠ್ಯ ಖಾಲಿ ಇರುತ್ತದೆ. ಬಾಟ್‌ಗೆ ನೇರವಾಗಿ ಕಳುಹಿಸಿದ ಖಾಸಗಿ ಸಂದೇಶಕ್ಕೂ, ಬಾಟ್‌ನ ಹೆಸರನ್ನು ಟ್ಯಾಗ್ ಮಾಡಿದ ಸಂದೇಶಕ್ಕೂ ಈ ತಡೆ ಇಲ್ಲ. ಹಾಗಾಗಿ ಚಾನೆಲ್‌ನಲ್ಲಿ ಬಾಟ್‌ನ್ನು ಟ್ಯಾಗ್ ಮಾಡಿ ಎರಡು ಪದ ಬರೆಯಿರಿ. ಅವು ಕನ್ಸೋಲ್‌ನಲ್ಲಿ ಕಂಡರೆ ರೋಗ ಇದೇ ಎಂದು ಖಾತರಿ.

ಪರಿಹಾರವನ್ನು ಎರಡು ಕಡೆ ಮಾಡಬೇಕು. ಬಾಟ್‌ಗಳನ್ನು ನೋಂದಾಯಿಸುವ ಡಿಸ್ಕಾರ್ಡ್‌ನ ಜಾಲತಾಣವಾದ ಡೆವಲಪರ್ ಪೋರ್ಟಲ್‌ನಲ್ಲಿ ನಿಮ್ಮ ಬಾಟ್‌ನ ಪುಟಕ್ಕೆ ಹೋಗಿ ‘ಮೆಸೇಜ್ ಕಂಟೆಂಟ್’ ಎಂಬ ಸ್ವಿಚ್ ಒತ್ತಬೇಕು. ಕೋಡ್‌ನಲ್ಲಿ ಕ್ಲೈಂಟ್ ರಚಿಸುವಾಗ ಅದೇ ಹೆಸರಿನ ಇಂಟೆಂಟ್ ಸೇರಿಸಬೇಕು. ಕೋಡ್‌ನಲ್ಲಿ ಕೇಳಿ ಪೋರ್ಟಲ್‌ನಲ್ಲಿ ಒತ್ತದಿದ್ದರೆ ಗೇಟ್‌ವೇ 4014 ಎಂಬ ಸಂಕೇತದೊಡನೆ ಬಾಗಿಲು ಹಾಕುತ್ತದೆ. ನಿಮ್ಮ ಬಾಟ್‌ಗೆ ಹಸಿರು ಚುಕ್ಕೆ ಬಂದಿರುವುದರಿಂದ ನೀವು ಕೋಡ್‌ನಲ್ಲಿಯೇ ಕೇಳಿಲ್ಲವೆಂಬುದು ಸ್ಪಷ್ಟ. ಹಳೆಯ ವಿಡಿಯೊದ ಕೋಡ್ ನಕಲು ಮಾಡುವಾಗ ಇನ್ನೊಂದು ಎಚ್ಚರ ಬೇಕು. ಲೈಬ್ರರಿಯ 13ನೆಯ ಆವೃತ್ತಿಯಲ್ಲಿ ‘ಮೆಸೇಜ್’ ಎಂಬ ಘಟನೆಯ ಹೆಸರು ‘ಮೆಸೇಜ್ ಕ್ರಿಯೇಟ್’ ಎಂದಾಯಿತು, 2022ರ 14ನೆಯ ಆವೃತ್ತಿಯಲ್ಲಿ ಇಂಟೆಂಟ್‌ಗಳನ್ನು ಬರೆಯುವ ರೀತಿಯೂ ಬದಲಾಯಿತು. ಆವೃತ್ತಿ ಹೇಳದ ವಿಡಿಯೊವನ್ನು ನಾನು ನೋಡುವುದೇ ಇಲ್ಲ.

ಹಾಗಿದ್ದರೂ ನಿಮ್ಮ ಕೆಲಸಕ್ಕೆ ಆ ಅನುಮತಿ ಬೇಕೇ ಎಂಬುದನ್ನು ಯೋಚಿಸಿ. ಒಂದು ದರ ತಿಳಿಸುವುದಕ್ಕಾಗಿ ಗೆಳೆಯರ ಮಾತೆಲ್ಲವನ್ನೂ ಓದುವ ಅಧಿಕಾರ ಬಾಟ್‌ಗೆ ಏಕೆ? ಓರೆಗೆರೆಯಿಂದ ಆರಂಭವಾಗುವ ಸ್ಲ್ಯಾಶ್ ಕಮಾಂಡ್ ಬಳಸಿದರೆ ಆ ಆಜ್ಞೆಯಷ್ಟೇ ಬಾಟ್‌ಗೆ ತಲುಪುತ್ತದೆ. ಕನ್ನಡದವರಿಗೆ ಇಲ್ಲೊಂದು ಸ್ವಾರಸ್ಯವಿದೆ. ಆಜ್ಞೆಯ ಹೆಸರಿನಲ್ಲಿ ಯಾವುದೇ ಲಿಪಿಯ ಅಕ್ಷರ, ಅಂಕಿಗಳಿಗೆ ಅವಕಾಶವಿದೆ. ಆದರೆ ಯೂನಿಕೋಡ್‌ನಲ್ಲಿ ನಮ್ಮ ಕಾಗುಣಿತದ ಚಿಹ್ನೆಗಳು ಅಕ್ಷರಗಳೆಂದು ಎಣಿಕೆಯಾಗುವುದಿಲ್ಲ. ದೇವನಾಗರಿಗೂ ಥಾಯ್ ಲಿಪಿಗೂ ನಿಯಮದಲ್ಲಿ ಪ್ರತ್ಯೇಕ ವಿನಾಯಿತಿ ಬರೆದಿದ್ದಾರೆ, ಕನ್ನಡಕ್ಕೆ ಬರೆದಿಲ್ಲ. ಹೀಗಾಗಿ ‘ಬೆಲೆ’ ಎಂಬ ಹೆಸರು ನಿಯಮಕ್ಕೆ ಒಗ್ಗುವುದಿಲ್ಲ, ಗುಣಿತವೇ ಇಲ್ಲದ ನಿಮ್ಮ ‘ದರ’ ಒಗ್ಗುತ್ತದೆ. ಅದೃಷ್ಟ ನಿಮ್ಮದು. ಮುಂದೆ ದರವನ್ನು ಯಾವುದಾದರೂ ಜಾಲತಾಣದಿಂದ ತರಿಸುವ ಯೋಚನೆ ಇದ್ದರೆ, ಆಜ್ಞೆ ಬಂದ 3 ಸೆಕೆಂಡಿನೊಳಗೆ ಬಾಟ್ ಏನಾದರೂ ಉತ್ತರಿಸಲೇಬೇಕೆಂಬುದು ನೆನಪಿರಲಿ. ಜಾಲತಾಣ ನಿಧಾನವಾಗಿದ್ದರೆ ಉತ್ತರ ತಡವಾಗುತ್ತದೆಂದು ತಿಳಿಸುವ ‘ಡಿಫರ್ ರಿಪ್ಲೈ’ಯನ್ನು ಮೊದಲು ಕರೆಯಿರಿ, 15 ನಿಮಿಷದವರೆಗೆ ಸಮಯ ಸಿಗುತ್ತದೆ.

ಇನ್ನು ‘ಅನ್‌ನೋನ್ ಚಾನೆಲ್’. ನೀವು ಐಡಿಯನ್ನು ಉದ್ಧರಣ ಚಿಹ್ನೆಯಿಲ್ಲದೆ, ಸಂಖ್ಯೆಯಾಗಿ ಬರೆದಿದ್ದೀರೆಂದು ನನ್ನ ಊಹೆ. ಡಿಸ್ಕಾರ್ಡ್‌ನ ಐಡಿಗಳು 64 ಬಿಟ್‌ಗಳವು. 2015ರ ಮೊದಲ ಕ್ಷಣದಿಂದ ಎಷ್ಟು ಮಿಲಿಸೆಕೆಂಡ್ ಕಳೆದಿವೆ ಎಂಬ ಲೆಕ್ಕ ಅವುಗಳ ಮೇಲಿನ ಬಿಟ್‌ಗಳಲ್ಲಿರುತ್ತದೆ. ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆಗಳು 9007199254740991ರವರೆಗೆ ಮಾತ್ರ ಪೂರ್ಣಾಂಕಗಳನ್ನು ತಪ್ಪಿಲ್ಲದೆ ಹಿಡಿಯುತ್ತವೆ. ಬ್ರೌಸರ್‌ನ ಕನ್ಸೋಲ್ ತೆರೆದು 1098765432109876543 ಎಂದು ಬರೆದು ಎಂಟರ್ ಒತ್ತಿ ನೋಡಿ. ಮರಳಿ ಬರುವುದು 1098765432109876500. ಕೊನೆಯ 543 ಸದ್ದಿಲ್ಲದೆ 500 ಆಗಿರುತ್ತದೆ. ಆ ಐಡಿಯ ಚಾನೆಲ್ ಇಲ್ಲವಾದ್ದರಿಂದ ಸರ್ವರ್ 10003 ಎಂಬ ಸಂಕೇತದೊಡನೆ ‘ಅನ್‌ನೋನ್ ಚಾನೆಲ್’ ಎನ್ನುತ್ತದೆ. ದೋಷದ ಸಂದೇಶ ಸತ್ಯವನ್ನೇ ಹೇಳುತ್ತದೆ, ನಾವು ನಂಬುವುದಿಲ್ಲ. ನಾನೂ ಒಮ್ಮೆ ನಂಬದೆ, ಬಾಟ್‌ನ ಅನುಮತಿಗಳನ್ನೆಲ್ಲ ಕೆದಕುತ್ತ ಅರ್ಧ ರಾತ್ರಿ ಕಳೆದಿದ್ದೇನೆ. ಐಡಿಯ ಎರಡೂ ಬದಿಗೆ ಉದ್ಧರಣ ಚಿಹ್ನೆ ಹಾಕಿ ಪಠ್ಯವಾಗಿ ಬರೆದರೆ ಸಾಕು. ಜೇಸನ್ ಫೈಲ್‌ನಲ್ಲಿ ಇಟ್ಟಿದ್ದರೆ ಅಲ್ಲಿಯೂ ಹಾಗೆಯೇ.

ಪ್ರಶ್ನೆ: ತುಮಕೂರಿನ ಹಾಸ್ಟೆಲ್‌ನಲ್ಲಿದ್ದೇನೆ. ನನ್ನ ಬಾಟ್ ಅಕ್ಷರದ ಆಜ್ಞೆಗಳಿಗೆ ಸರಿಯಾಗಿ ಉತ್ತರಿಸುತ್ತದೆ. ವಾಯ್ಸ್ ಚಾನೆಲ್‌ಗೆ ಸೇರಿಸಿ, ಧ್ವನಿಮುದ್ರಿಸಿದ ಪ್ರಕಟಣೆಯನ್ನು ನುಡಿಸಹೊರಟರೆ ಸದ್ದೇ ಇಲ್ಲ, ದೋಷದ ಸಂದೇಶವೂ ಇಲ್ಲ. ಎಲ್ಲಿ ಹುಡುಕಲಿ?

ಉತ್ತರ: ಧ್ವನಿಯ ಭಾಗ ಮುಖ್ಯ ಲೈಬ್ರರಿಯಲ್ಲಿ ಇಲ್ಲ, ಅದೇ ತಂಡದ ‘ವಾಯ್ಸ್’ ಎಂಬ ಪ್ಯಾಕೇಜನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಧ್ವನಿ ಹೋಗುವ ದಾರಿಯೂ ಬೇರೆ. ಓಪಸ್ ಎಂಬ ಕೋಡೆಕ್‌ನಲ್ಲಿ (ಧ್ವನಿಯನ್ನು ಕುಗ್ಗಿಸುವ ವಿಧಾನ), ಸೆಕೆಂಡಿಗೆ 48,000 ಮಾದರಿಗಳ ದರದಲ್ಲಿ, 20 ಮಿಲಿಸೆಕೆಂಡಿನ ತುಣುಕುಗಳಾಗಿ, ಅಂದರೆ ಸೆಕೆಂಡಿಗೆ 50 ಪ್ಯಾಕೆಟ್‌ಗಳಂತೆ ಅದು ಯುಡಿಪಿ (ತಲುಪಿತೇ ಎಂದು ಕಾಯದೆ ಪ್ಯಾಕೆಟ್ ಕಳುಹಿಸುವ ವಿಧಾನ) ಮೂಲಕ ಹರಿಯುತ್ತದೆ. ಎಂಪಿ3 ಫೈಲನ್ನು ಈ ರೂಪಕ್ಕೆ ತರಲು ನಿಮ್ಮ ಗಣಕದಲ್ಲಿ ಎಫ್‌ಎಫ್‌ಎಂಪೆಗ್ ಎಂಬ ಪರಿವರ್ತಕ ತಂತ್ರಾಂಶ ಇರಬೇಕು.

ದೋಷ ಕಾಣದಿದ್ದರೂ ಸಂಪರ್ಕದ ಸ್ಥಿತಿ ಬದಲಾಗುವುದನ್ನು ಮುದ್ರಿಸಿಕೊಳ್ಳಬಹುದು, ಹುಡುಕಾಟವನ್ನು ಅಲ್ಲಿಂದಲೇ ಆರಂಭಿಸಿ. ‘ಸಿಗ್ನಲಿಂಗ್’ ಹಂತದಲ್ಲಿಯೇ ನಿಂತಿದ್ದರೆ ವಾಯ್ಸ್ ಸ್ಟೇಟ್ಸ್ ಇಂಟೆಂಟ್ ಕೇಳುವುದನ್ನು ನೀವು ಮರೆತಿರುವ ಸಾಧ್ಯತೆ ಹೆಚ್ಚು. ‘ಕನೆಕ್ಟಿಂಗ್’ ಹಂತದಲ್ಲಿ ನಿಂತು ಮತ್ತೆ ಮತ್ತೆ ಹಿಂದೆ ಸರಿಯುತ್ತಿದ್ದರೆ ಹಾಸ್ಟೆಲ್‌ನ ವೈಫೈ ಯುಡಿಪಿಯನ್ನು ತಡೆಯುತ್ತಿರಬಹುದು. ಮೊಬೈಲ್‌ನ ಹಾಟ್‌ಸ್ಪಾಟ್‌ನಲ್ಲಿ ಹತ್ತು ನಿಮಿಷ ನಡೆಸಿ ನೋಡಿದರೆ ಅನುಮಾನ ತೀರುತ್ತದೆ. ಪ್ಯಾಕೇಜ್ ಹಳೆಯದಾಗಿದ್ದರೆ ಇದಾವುದೂ ಬೇಡ, ಮೊದಲು ಅದನ್ನು ಹೊಸದು ಮಾಡಿ. ಧ್ವನಿ ಪ್ಯಾಕೆಟ್‌ಗಳ ಹಳೆಯ ಗೂಢಲಿಪೀಕರಣ ವಿಧಾನಗಳನ್ನು 2024ರ ನವೆಂಬರ್‌ನಲ್ಲಿ ಕೈಬಿಡಲಾಗಿದ್ದು, ಅವನ್ನಷ್ಟೇ ಬಲ್ಲ ಪ್ಯಾಕೇಜ್ ಎಷ್ಟೇ ಸರಿಯಾದ ಕೋಡ್ ಬರೆದರೂ ಧ್ವನಿ ಸಂಪರ್ಕ ಕೊಡಲಾರದು.

ಪ್ರಶ್ನೆ: ಬಾಟ್‌ನ ಕೋಡನ್ನು ಸಾರ್ವಜನಿಕ ಗಿಟ್ ಭಂಡಾರಕ್ಕೆ (ಕೋಡ್‌ನ ಬದಲಾವಣೆಗಳನ್ನೆಲ್ಲ ಉಳಿಸಿಡುವ ಕೋಶ) ಏರಿಸುವಾಗ ಟೋಕನ್ ಕೂಡ ಹೋಗಿಬಿಟ್ಟಿತು. ಐದೇ ನಿಮಿಷದಲ್ಲಿ ಆ ಸಾಲನ್ನು ಅಳಿಸಿದ್ದೇನೆ. ಸಾಲದೇ? (ಓದುಗರು, ಚಿಂತಾಮಣಿ)

ಉತ್ತರ: ಸಾಲದು. ಅಳಿಸಿದ ಸಾಲು ಹಿಂದಿನ ಕಮಿಟ್‌ನಲ್ಲಿ, ಅಂದರೆ ಉಳಿಸಿಟ್ಟ ಹಳೆಯ ರೂಪದಲ್ಲಿ, ಹಾಗೆಯೇ ಉಳಿದಿರುತ್ತದೆ, ಟೋಕನ್ ಕೈಗೆ ಸಿಕ್ಕವರು ಪಾಸ್‌ವರ್ಡ್ ಇಲ್ಲದೆಯೇ ನಿಮ್ಮ ಬಾಟ್ ಆಗಿ ವರ್ತಿಸಬಲ್ಲರು. ಪತ್ರಿಕೆ ಕೆಳಗಿಟ್ಟು ಈಗಲೇ ಡೆವಲಪರ್ ಪೋರ್ಟಲ್‌ನಲ್ಲಿ ‘ರೀಸೆಟ್ ಟೋಕನ್’ ಒತ್ತಿ. ಹೊಸದನ್ನು ಡಾಟ್ ಎನ್ವಿ ಎಂಬ, ಗುಟ್ಟಿನ ವಿವರಗಳನ್ನಿಡುವ ಫೈಲ್‌ನಲ್ಲಿ ಇರಿಸಿ, ಆ ಫೈಲ್‌ನ ಹೆಸರನ್ನು ಗಿಟ್ ಇಗ್ನೋರ್‌ಗೆ (ಗಿಟ್ ಏರಿಸಬಾರದ ಫೈಲ್‌ಗಳ ಪಟ್ಟಿ) ಸೇರಿಸಿ. ರೀಸೆಟ್ ಒತ್ತಿದ ಕ್ಷಣದಿಂದ ಹಳೆಯ ಟೋಕನ್ ಕೆಲಸಕ್ಕೆ ಬಾರದ ಅಕ್ಷರಗಳ ಸಾಲಾಗುತ್ತದೆ, ಆದ್ದರಿಂದ ಗಿಟ್‌ನ ಇತಿಹಾಸವನ್ನು ತೊಳೆಯುವ ಕಷ್ಟ ಬೇಡ.