ಹಸಿ ಜೋಳದ ತೂಕ

ತೂಕ ಇಳಿಸಲು ಹೋಗಿ, ತಿಂದದ್ದನ್ನೆಲ್ಲ ಸಾಲದ ಹಾಗೆ ಬರೆದಿಟ್ಟು ನಡೆದು ತೀರಿಸಲು ಒದ್ದಾಡುವವರು ನನ್ನ ಹತ್ತಿರ ಸಲಹೆಗೆ ಬರುವುದು ಜಾಸ್ತಿ ಆಗುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ದಾವಣಗೆರೆಯ ಒಂದು ದಲ್ಲಾಳಿ ಮಂಡಿಯಲ್ಲಿ ಲೆಕ್ಕ ಬರೆಯುವವರು. ನಲವತ್ತೈದರ ಆಸುಪಾಸು, ತೂಕ 84 ಕೆ.ಜಿ. ಸಕ್ಕರೆ ಗಡಿಯಲ್ಲಿದೆ, ತೂಕ ಇಳಿಸಿ ಅಂತ ಡಾಕ್ಟರು ಹೇಳಿದ್ದರು. ಹೇಳಿದ್ದು ಸರಿಯೇ. ಇವರು ಫೋನಿಗೆ ಆ್ಯಪ್ ಹಾಕಿಕೊಂಡರು, ಕೈಗೆ ವಾಚು ಕಟ್ಟಿದರು, ಸಾಲದ್ದಕ್ಕೆ ಒಂದು ಖಾತೆ ಪುಸ್ತಕ ಇಟ್ಟರು. ಬೆಳಿಗ್ಗೆ ಕುಂದವಾಡ ಕೆರೆ ಸುತ್ತುವುದು ಮೊದಲಿನಿಂದಲೂ ಇತ್ತು. ಈಗ ರಾತ್ರಿಯೂ ಶುರುವಾಗಿತ್ತು. "ಊಟ ಬಿಟ್ಟು ಹನ್ನೊಂದು ಗಂಟೆಗೆ ಮಾಳಿಗೆ ಮೇಲೆ ನಡೀತಾರೆ ಮೇಡಂ, ಕೇಳಿದ್ರೆ ಬಾಕಿ ಇದೆ ಅಂತಾರೆ" ಅಂದರು ಅವರ ಹೆಂಡತಿ.

ಮೂರನೇ ಸಲ ಬಂದಾಗ ಆ ಪುಸ್ತಕ ತಂದಿದ್ದರು. ಎಡಕ್ಕೆ ತಿಂದದ್ದು, ಬಲಕ್ಕೆ ನಡೆದದ್ದು, ಪುಟದ ಕೆಳಗೆ ಕೆಂಪು ಶಾಯಿಯಲ್ಲಿ 'ಹಿಂದಿನ ಬಾಕಿ'. ಒಂದು ಕಡೆ 'ಬೆಣ್ಣೆ ದೋಸೆ 2' ಅಂತಿತ್ತು, ಅದರ ಮುಂದಿನ ಅಂಕಿಯನ್ನು ಎರಡು ಸಲ ಹೊಡೆದು ಹಾಕಿ ಮತ್ತೆ ಬರೆದಿದ್ದರು. ಯಾಕೆ ಅಂತ ಕೇಳಿದೆ. ಒಂದೊಂದು ಆ್ಯಪ್ ಒಂದೊಂದು ಹೇಳುತ್ತದಂತೆ. ಹೇಳದೆ ಇನ್ನೇನು? ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ, ಕಾವಲಿ ಮೇಲೆ ಬೆಣ್ಣೆ ಹಾಕುವ ಕೈ ಸ್ವಲ್ಪ ಧಾರಾಳವಾದರೆ ಲೆಕ್ಕವೇ ಬೇರೆ. ವಾಚಿನದೂ ಅಂದಾಜೇ. 80 ಕೆ.ಜಿ. ತೂಗುವವರು ಒಂದು ಗಂಟೆ ಸಾಧಾರಣವಾಗಿ ನಡೆದರೆ ಸುಮಾರು 280 ಕ್ಯಾಲೊರಿ ಖರ್ಚಾಗಬಹುದು, ಅದರಲ್ಲಿ 80ರಷ್ಟು ಸುಮ್ನೆ ಕೂತಿದ್ದರೂ ಖರ್ಚಾಗುತ್ತಿತ್ತು.

"ಮಂಡಿಯಲ್ಲಿ ಅಂದಾಜಿನ ಮೇಲೆ ಯಾರಿಗಾದರೂ ಬಾಕಿ ಬರೀತೀರಾ?" ಅಂದೆ.

"ಛೇ, ತೂಕದ ಚೀಟಿ ಇಲ್ಲದೆ ಬರೆಯೋ ಹಾಗಿಲ್ಲ ಮೇಡಂ."

ಆಮೇಲೆ ನಿಜವಾದ ನೋವು ಹೊರಗೆ ಬಂತು. ಅಷ್ಟು ಉಪವಾಸ ಮಾಡಿ, ಒಂದು ಮದುವೆ ಊಟ ಉಂಡು ಬಂದರೆ ಮಾರನೇ ದಿನ ಒಂದೂವರೆ ಕೆ.ಜಿ. ಏರಿರುತ್ತಿತ್ತು. "ನಾನು ಮಾಡಿದ್ದೆಲ್ಲ ಹೋಯ್ತು ಅನ್ಸುತ್ತೆ" ಅಂದಾಗ ಗಂಟಲು ಕಟ್ಟಿತ್ತು. ಒಂದು ಕೆ.ಜಿ. ಕೊಬ್ಬು ಕೂಡಬೇಕಾದರೆ ಸುಮಾರು 7700 ಕ್ಯಾಲೊರಿ ಹೆಚ್ಚಿಗೆ ತಿನ್ನಬೇಕು, ಒಂದು ಊಟದಲ್ಲಿ ಅದು ಆಗುವುದಿಲ್ಲ, ಅನ್ನ ಮತ್ತು ಸಿಹಿಯಿಂದ ಮೈಯಲ್ಲಿ ಶೇಖರವಾಗುವ ಗ್ಲೈಕೋಜೆನ್ ಒಂದು ಗ್ರಾಮಿಗೆ ಮೂರು ಗ್ರಾಮಿನಷ್ಟು ನೀರು ಹಿಡಿದಿಟ್ಟುಕೊಳ್ಳುತ್ತದೆ, ಉಪ್ಪೂ ನೀರು ಹಿಡಿಯುತ್ತದೆ ಅಂತ ವಿವರಿಸಿದೆ. ತುಂಬಾ ಹೊತ್ತು ಪುಸ್ತಕವನ್ನೇ ನೋಡುತ್ತಿದ್ದವರು ತಲೆ ಎತ್ತಿ ಕೇಳಿದರು:

"ಅಂದ್ರೆ ಇದು ಹಸಿ ಜೋಳದ ತೂಕ, ಅಲ್ವಾ ಮೇಡಂ?"

ಮಳೆಗೆ ಸಿಕ್ಕ ಮೆಕ್ಕೆಜೋಳ ತಕ್ಕಡಿಗೆ ಜಾಸ್ತಿಯೇ ಬರುತ್ತದೆ. ಹಾಗಂತ ಕಾಳು ಹೆಚ್ಚಾಯಿತು ಅಂತ ಮಂಡಿಯಲ್ಲಿ ಯಾರೂ ನಂಬುವುದಿಲ್ಲ, ತೇವಾಂಶ ನೋಡಿಯೇ ದರ ಕಟ್ಟುತ್ತಾರೆ. ನಾನು ಮೂರು ಸಲ ಹೇಳಿ ಆಗದ್ದು ಅವರ ಆ ಒಂದು ಮಾತಿನಿಂದ ಆಯಿತು.

ಆರು ವಾರ ಪುಸ್ತಕ, ಆ್ಯಪ್ ಎರಡೂ ಬೇಡ ಅಂದೆ. ವಾರಕ್ಕೆ ಒಂದೇ ದಿನ, ಬೆಳಿಗ್ಗೆ ತಿಂಡಿಗೆ ಮುಂಚೆ ತೂಕ. ನಡಿಗೆ ಬಿಡುವುದು ಬೇಡ, ಆದರೆ ಹೊತ್ತು ಗೊತ್ತುಮಾಡಿಕೊಂಡು ಬೆಳಿಗ್ಗೆ ಮಾತ್ರ, ತಿಂದದ್ದಕ್ಕೂ ಅದಕ್ಕೂ ಸಂಬಂಧ ಕಟ್ಟಬಾರದು. ರಾತ್ರಿ ಊಟ ಬಿಡುವಂತಿಲ್ಲ: ಅನ್ನ ಅರ್ಧ, ಪಲ್ಯ ಮತ್ತು ಕಾಳು ಜಾಸ್ತಿ. ಹೆಂಡತಿಗೂ ಒಂದು ಮಾತು ಹೇಳಿದೆ, ತಟ್ಟೆ ನೋಡಿ ಏನೂ ಅನ್ನಬೇಡಿ ಅಂತ. ರಕ್ತಪರೀಕ್ಷೆಗೆ ಡಾಕ್ಟರ ಹತ್ತಿರ ಹೋಗುವುದು ತಪ್ಪಿಸಬಾರದು.

ಸಕ್ಕರೆ ಗಡಿಯಲ್ಲಿರುವವರಿಗೆ ಲೆಕ್ಕ ಬಿಡಿ ಅನ್ನಬಹುದಾ ಅಂತ ಪರಿಚಯದ ಡಾಕ್ಟರೊಬ್ಬರು ನನ್ನನ್ನು ಕೇಳಿದರು. ನಾನು ಲೆಕ್ಕದ ವಿರೋಧಿಯಲ್ಲ. ಎಣ್ಣೆ ಎಲ್ಲಿ ಸೇರುತ್ತಿದೆ ಅಂತ ಗೊತ್ತಾಗಲು ಎರಡು ವಾರ ಬರೆದು ನೋಡುವುದು ಎಷ್ಟೋ ಜನಕ್ಕೆ ಒಳ್ಳೆಯದೇ. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಗುರಿ ಇದ್ದದ್ದು ತೂಕದ 7% ಇಳಿಕೆ, ವಾರಕ್ಕೆ 150 ನಿಮಿಷ ನಡಿಗೆಯಂಥ ವ್ಯಾಯಾಮ. ಅಷ್ಟರಿಂದಲೇ ಸಕ್ಕರೆ ಕಾಯಿಲೆಗೆ ತಿರುಗುವುದು 58% ಕಡಿಮೆಯಾಗಿತ್ತು. ಇವರ ಲೆಕ್ಕದಲ್ಲಿ ಅದು ಆರು ಕೆ.ಜಿ. ಅದಕ್ಕೆ ಮಾಳಿಗೆ ಮೇಲಿನ ನಡುರಾತ್ರಿ ಬೇಕಾಗಿಲ್ಲ. ಊಟ ಸಾಲದ ಹಾಗೆ ಕಾಣತೊಡಗಿದ ಮೇಲೆ ಬರೆಯುವುದು ನಿಲ್ಲಬೇಕು, ಇದನ್ನು ನಾನು ಬಿಟ್ಟುಕೊಡುವುದಿಲ್ಲ.

ಮೂರು ತಿಂಗಳಲ್ಲಿ ಎರಡೂವರೆ ಕೆ.ಜಿ. ಇಳಿದಿದ್ದಾರೆ. ರಾತ್ರಿ ಮಲಗುತ್ತಿದ್ದಾರೆ. ಯುಗಾದಿಯ ಹೋಳಿಗೆ ಆದ ಮೇಲೆ ಎರಡು ದಿನ ಮತ್ತೆ ಪುಸ್ತಕ ತೆಗೆದಿದ್ದೆ ಅಂತ ಫೋನ್ ಮಾಡಿದ್ದರು. ತಾರೀಕು ಕಾಯಬೇಡಿ, ನಾಳೆಯೇ ಬನ್ನಿ ಅಂದೆ.