ಹತ್ತು ಬೈ ಹನ್ನೆರಡರ ಕೋಣೆಗೆ ಯಾವ ಲೆನ್ಸ್?

ಪ್ರಶ್ನೆ: ನಮಸ್ಕಾರ ಸರ್. ನಾನು ಬಾಗಲಕೋಟೆಯ ನವನಗರದಲ್ಲಿ ಮದುವೆ, ಕುಬುಸ, ಜವಳದ ಫೋಟೋ ತೆಗೆಯುತ್ತೇನೆ. ಕ್ಯಾನನ್ 1500ಡಿ, ಅದರ ಜೊತೆಗೇ ಬಂದ 18-55 ಲೆನ್ಸ್, ಒಂದು 50 ಎಂಎಂ ಎಫ್/1.8 ಇವೆ. ಈಗ ಒಬ್ಬ ಬಿಲ್ಡರ್ ಮಾರಾಟದ ಮನೆಗಳ ಒಳಗಿನ ಫೋಟೋ ಕೇಳುತ್ತಿದ್ದಾರೆ. ಗೋಡೆಗೆ ಬೆನ್ನು ಹಚ್ಚಿ ನಿಂತರೂ ಕೋಣೆ ಪೂರ್ತಿ ಬರುವುದಿಲ್ಲ. ಗೆಳೆಯರು 16-35 ತಗೋ ಅಂತಾರೆ, ಅಂಗಡಿಯವರು 10-18 ಸಾಕು ಅಂತಾರೆ. ಯಾವುದು ತಗೊಳ್ಳಲಿ? (ಓದುಗರು, ಬಾಗಲಕೋಟೆ)

ಉತ್ತರ: ಅಂಗಡಿಯವರು ಹೇಳಿದ್ದು ಸರಿ. ಲೆನ್ಸಿನ ಈ ಎಂಎಂ ಅಂಕಿ ಚಿಕ್ಕದಾದಷ್ಟೂ ನೋಟ ಅಗಲ. 16-35 ಒಳ್ಳೆಯ ಲೆನ್ಸೇ, ಆದರೆ ಅದು ಫುಲ್ ಫ್ರೇಮ್, ಅಂದರೆ ಫೋಟೋ ಹಿಡಿಯುವ ಸೆನ್ಸರ್ ಹಳೆಯ ರೀಲಿನಷ್ಟು ದೊಡ್ಡದಿರುವ ಕ್ಯಾಮೆರಾಕ್ಕೆ ಹೊಂದುವ ಲೆನ್ಸ್. ನಿಮ್ಮ 1500ಡಿ ಸೆನ್ಸರ್ ಚಿಕ್ಕದು. ಕ್ಯಾನನ್ನಿನ ಈ ಸೆನ್ಸರಿಗೆ 1.6ರ ಲೆಕ್ಕ. ಅಂದರೆ ನಿಮ್ಮ ಕ್ಯಾಮೆರಾಕ್ಕೆ ಹಾಕಿದ 16 ಎಂಎಂ, ಫುಲ್ ಫ್ರೇಮಿನ ಸುಮಾರು 26 ಎಂಎಂನಷ್ಟೇ ಅಗಲ ತೋರಿಸುತ್ತದೆ. ಈಗಿರುವ 18-55ಕ್ಕಿಂತ ಅಷ್ಟೇನೂ ಜಾಸ್ತಿ ಆಗಲಿಲ್ಲ, ಅಲ್ವಾ? ಅಷ್ಟು ದುಡ್ಡು ಸುಮ್ನೆ ಹಾಕಬೇಡಿ. ಅದೇ ನಿಮ್ಮಂಥ ಚಿಕ್ಕ ಸೆನ್ಸರಿಗೆಂದೇ ಮಾಡಿದ ಇಎಫ್-ಎಸ್ 10-18 ಹಾಕಿದರೆ 16 ಎಂಎಂನಿಂದ 29 ಎಂಎಂವರೆಗಿನ ನೋಟ ಸಿಗುತ್ತದೆ. ಮನೆಯ ಒಳಗಿನ ಕೆಲಸಕ್ಕೆ ಬೇಕಾದದ್ದು ಅದೇ.

ಒಂದು ಕೋಣೆ ಇಟ್ಟುಕೊಂಡು ನೋಡೋಣ. ನವನಗರದ ಮನೆಗಳಲ್ಲಿ ಮಲಗುವ ಕೋಣೆ ಹತ್ತು ಬೈ ಹನ್ನೆರಡು ಇರುತ್ತದೆ ಅಂದುಕೊಳ್ಳಿ. ಹತ್ತು ಅಡಿ ಅಗಲದ ಗೋಡೆಯ ನಡುವೆ ಬೆನ್ನು ಹಚ್ಚಿ ನಿಂತರೆ ಎದುರು ಗೋಡೆ ಕ್ಯಾಮೆರಾದಿಂದ ಹನ್ನೊಂದು ಅಡಿ ದೂರ. 18 ಎಂಎಂನಲ್ಲಿ ಎದುರು ಗೋಡೆ ಪೂರ್ತಿ ಬರುತ್ತದೆ. ಆದರೆ ಅಕ್ಕಪಕ್ಕದ ಗೋಡೆ ಕಾಣುವುದು ಕೊನೆಯ ಮೂರು ಅಡಿ ಮಾತ್ರ. ಮಂಚ ಎಡಗೋಡೆಗೆ ಇದ್ದರೆ ಅದರ ತುದಿಯಷ್ಟೇ ಬರುತ್ತದೆ. ಕಪಾಟು ನಿಮ್ಮ ಹತ್ತಿರ ಇದ್ದರೆ ಬರುವುದೇ ಇಲ್ಲ. 12 ಎಂಎಂಗೆ ತಿರುಗಿಸಿ, ಪಕ್ಕದ ಗೋಡೆ ಐದೂವರೆ ಅಡಿ ಕಾಣುತ್ತದೆ. 10 ಎಂಎಂಗೆ ಆರೂವರೆ ಅಡಿ. ನಿಮ್ಮ 50 ಎಂಎಂನಲ್ಲಿ ಅದೇ ಜಾಗದಿಂದ ಎದುರು ಗೋಡೆಯ ಐದು ಅಡಿ ಬರಬಹುದು, ಅಷ್ಟೇ. ಅದನ್ನು ಬಾಗಿಲ ಹಿತ್ತಾಳೆ ಚಿಲಕ, ಕೆತ್ತನೆ ಕೆಲಸ, ದೇವರ ಕೋಣೆಯ ಗಂಟೆ ಇಂಥದ್ದಕ್ಕೆ ಇಟ್ಟುಕೊಳ್ಳಿ.

ಆದರೆ 10 ಎಂಎಂ ಇದೆ ಅಂತ ಎಲ್ಲಾ ಫೋಟೋ 10ರಲ್ಲೇ ತೆಗೆಯಬೇಡಿ. ನಾನು ಒತ್ತಿ ಹೇಳಬೇಕಾದದ್ದು ಇದೇ. ಅಷ್ಟು ಅಗಲಕ್ಕೆ ಹೋದಾಗ ನಾವು ಕ್ಯಾಮೆರಾ ಹಿಡಿದು ಸಾಮಾನಿನ ಹತ್ತಿರವೇ ನಿಂತಿರುತ್ತೇವೆ. ಹತ್ತಿರದ್ದು ವಿಪರೀತ ದೊಡ್ಡದಾಗಿ, ದೂರದ್ದು ಚಿಕ್ಕದಾಗಿ ಕಾಣುತ್ತದೆ. ಎಂಟಡಿಯ ಹಾಲ್ ಹದಿನಾರು ಅಡಿ ಇದ್ದಂತೆ ತೋರುತ್ತದೆ. ಅಂಚಿನಲ್ಲಿಟ್ಟ ದುಂಡನೆಯ ಹೂದಾನಿ ಮೊಟ್ಟೆಯಂತೆ ಜಗ್ಗಿರುತ್ತದೆ.

ಬೆಳಗಾವಿಯ ಟಿಳಕವಾಡಿಯಲ್ಲಿ ಒಂದು ಫ್ಲಾಟಿನ ಫೋಟೋ ಮತ್ತೆ ತೆಗೆಯಲು ನನ್ನನ್ನು ಕರೆದಿದ್ದರು. ಮೊದಲು ಯಾರೋ ಪೂರ್ತಿ ಅಗಲದಲ್ಲಿ ತೆಗೆದಿದ್ದರು. ಅದನ್ನು ನೋಡಿ ಪುಣೆಯಲ್ಲಿ ಕೆಲಸದಲ್ಲಿದ್ದ ಒಂದು ಕುಟುಂಬ ಮಕ್ಕಳನ್ನು ಕಟ್ಟಿಕೊಂಡು ಬಂದಿತ್ತು. ಆ ತಾಯಿ ಹಾಲ್‌ನಲ್ಲಿ ನಿಂತು ಕೇಳಿದ್ದು ಇಷ್ಟೇ: "ಫೋಟೋದಾಗ ಸೋಫಾದ ಹಿಂದ ಅಷ್ಟ ಜಾಗಾ ಇತ್ತಲ್ರಿ, ಅದ ಎಲ್ಲೈತಿ?" ಮಾಲೀಕರ ಹತ್ತಿರ ಉತ್ತರ ಇರಲಿಲ್ಲ. ಮನೆ ಚೆನ್ನಾಗಿಯೇ ಇತ್ತು. ಗಾಳಿ, ಬೆಳಕು, ನೀರು ಯಾವುದಕ್ಕೂ ಕೊರತೆ ಇಲ್ಲ. ಆದರೂ ಮಾತುಕತೆ ಮುಂದುವರಿಯಲಿಲ್ಲ. ದೂರದೂರಲ್ಲಿ ಕುಳಿತು ಫೋಟೋ ನೋಡಿಯೇ ಮನೆ ಆರಿಸುವವರು, ರಜೆ ಹಾಕಿ ರಾತ್ರಿ ಬಸ್ಸು ಹತ್ತಿ ಬರುವವರು ನಮ್ಮ ಕಡೆ ಬಹಳ ಜನ. ಅವರನ್ನು ನೆನೆಸಿಕೊಂಡೇ ನಾನು ಲೆನ್ಸ್ ತಿರುಗಿಸುತ್ತೇನೆ. ನಿಮ್ಮಂಥ ಚಿಕ್ಕ ಸೆನ್ಸರಿನ (ಕ್ರಾಪ್) ಕ್ಯಾಮೆರಾದಲ್ಲಿ ಹಾಲ್‌ಗೆ 13-15, ಮಲಗುವ ಕೋಣೆಗೆ 12-13. ಬಚ್ಚಲು, ಮೆಟ್ಟಿಲ ಕೆಳಗಿನ ಸಂದಿ, ಹೀಗೆ ಬೇರೆ ದಾರಿಯೇ ಇಲ್ಲದ ಕಡೆ ಮಾತ್ರ 10. ಬಿಲ್ಡರ್ "ಇನ್ನೂ ದೊಡ್ಡದು ಕಾಣಲಿ" ಅಂದರೆ ಈ ಮಾತನ್ನು ಅವರಿಗೆ ಬಿಡಿಸಿ ಹೇಳಿ. ಸಾಮಾನು ಅರ್ಧ ತೆಗೆಸಿದರೆ ಕೋಣೆ ತಾನೇ ದೊಡ್ಡದು ಕಾಣುತ್ತದೆ.

ಎಫ್/2.8 ಇಲ್ಲವಲ್ಲ, 10-18 ಬರೀ ಎಫ್/4.5-5.6 ಅಲ್ವಾ ಅಂತ ಕೆಲವರು ಹೆದರಿಸುತ್ತಾರೆ. ಈ ಎಫ್ ಅಂಕಿ ದೊಡ್ಡದಾದಷ್ಟೂ ಒಳಗೆ ಬರುವ ಬೆಳಕು ಕಡಿಮೆ, ನಿಜ. ಆದರೆ ಮನೆ ಅಲುಗಾಡುವುದಿಲ್ಲ. ಟ್ರೈಪಾಡ್ ಹಾಕಿ, ಐಎಸ್‌ಒ 100, ಎಫ್/8 ಇಟ್ಟು, ಶಟರ್ ಅರ್ಧ ಸೆಕೆಂಡ್ ಬೇಕಾದರೆ ಅರ್ಧ ಸೆಕೆಂಡ್ ಕೊಡಿ. ಮದುವೆ ಮಂಟಪದ ಮಬ್ಬು ಬೆಳಕಿಗೂ ಇದೇ ಲೆನ್ಸ್ ಬೇಕು ಅನ್ನುವುದಾದರೆ ಟೋಕಿನಾ 11-16 ಎಫ್/2.8 ಯೋಚಿಸಬಹುದು. ಬರೀ ಮನೆ ಕೆಲಸಕ್ಕಾದರೆ ಉಳಿದ ದುಡ್ಡನ್ನು ಗಟ್ಟಿ ಟ್ರೈಪಾಡಿಗೆ ಹಾಕಿ.

ಟ್ರೈಪಾಡ್ ಎತ್ತರ ನಾಲ್ಕು ಅಡಿ ಸಾಕು. ಅಡುಗೆಮನೆಯಲ್ಲಿ ಸ್ವಲ್ಪ ಮೇಲೆತ್ತಿ, ಕಟ್ಟೆಯ ಮೇಲಿನ ಗ್ರಾನೈಟ್ ಕಾಣಲಿ. ಕ್ಯಾಮೆರಾ ಮೇಲಕ್ಕಾಗಲಿ ಕೆಳಕ್ಕಾಗಲಿ ವಾಲಬಾರದು. ಒಂದು ಚೂರು ವಾಲಿದರೂ ವೈಡ್ ಲೆನ್ಸಿನಲ್ಲಿ ಗೋಡೆಗಳು ಬೀಳುವ ಹಾಗೆ ಕಾಣುತ್ತವೆ. ಲೈವ್ ವ್ಯೂ ಹಚ್ಚಿ, ಗ್ರಿಡ್ ತಂದು, ಬಾಗಿಲ ಚೌಕಟ್ಟನ್ನು ಗೆರೆಗೆ ಕೂಡಿಸಿ.

ನಮ್ಮ ಕಡೆ ಬಿಸಿಲಿಗೆ ಕಿಟಕಿ ಬೆಳ್ಳಗೆ ಸುಟ್ಟುಹೋಗುತ್ತದೆ, ಕೋಣೆ ಕಪ್ಪಾಗುತ್ತದೆ. 1500ಡಿಯಲ್ಲಿ ಬ್ರ್ಯಾಕೆಟಿಂಗ್ ಇದೆ, ಅಂದರೆ ಒಂದೇ ನೋಟವನ್ನು ಕಪ್ಪು, ಸರಿ, ಬೆಳ್ಳಗೆ ಅಂತ ಮೂರು ಸಲ ತೆಗೆಯುವ ಸೌಲಭ್ಯ. ಎರಡು ಸ್ಟಾಪ್ (ಬೆಳಕಿನ ಅಳತೆ) ಕಡಿಮೆ, ಸರಿಯಾದದ್ದು, ಎರಡು ಸ್ಟಾಪ್ ಜಾಸ್ತಿ ಅಂತ ಇಟ್ಟು, ಎರಡು ಸೆಕೆಂಡಿನ ಟೈಮರ್ ಹಾಕಿದರೆ ಮೂರೂ ಫೋಟೋ ಒಂದರ ಹಿಂದೊಂದು ತೆಗೆದುಕೊಳ್ಳುತ್ತದೆ. ಕೈ ತಾಗಿಸುವುದೇ ಬೇಡ. ಆಮೇಲೆ ಕಂಪ್ಯೂಟರಿನಲ್ಲಿ ಕೂಡಿಸಿ. ಫ್ಯಾನ್ ಬಂದ್ ಮಾಡಿಸುವುದು ಮರೆಯಬೇಡಿ. ಒಂದು ಕಡೆ ಹಳದಿ ಬಲ್ಬು, ಇನ್ನೊಂದು ಕಡೆ ಬಿಳಿ ಟ್ಯೂಬ್ ಇದ್ದರೆ ಎರಡನ್ನೂ ಆರಿಸಿ ಬರೀ ಕಿಟಕಿ ಬೆಳಕಿನಲ್ಲಿ ತೆಗೆದು ನೋಡಿ. ಗೋಡೆಯ ನಿಜವಾದ ಬಣ್ಣ ಆಗ ಬರುತ್ತದೆ.

ಕೊಳ್ಳುವಾಗ ಒಂದು ಎಚ್ಚರ. ಆರ್‌ಎಫ್-ಎಸ್ 10-18 ಅಂತಲೂ ಒಂದು ಇದೆ, 2023ರಲ್ಲಿ ಬಂದದ್ದು. ಅದು ಹೊಸ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾಗಳಿಗೆ. ನಿಮ್ಮದಕ್ಕೆ ಕೂಡುವುದಿಲ್ಲ. ಡಬ್ಬಿಯ ಮೇಲೆ ಇಎಫ್-ಎಸ್ ಅಂತ ಇದೆಯೋ ನೋಡಿಯೇ ದುಡ್ಡು ಕೊಡಿ. ಮುಂದೆ ನೀವು ಕ್ಯಾನನ್ನಿನ ಮಿರರ್‌ಲೆಸ್‌ಗೆ ಹೋದರೆ ಈ ಇಎಫ್-ಎಸ್ ಲೆನ್ಸನ್ನು ಅಡಾಪ್ಟರ್ ಹಾಕಿ ಬಳಸಬಹುದು.

ಪ್ರಶ್ನೆ: ಮೊಬೈಲಿನಲ್ಲೇ 0.5ರ ಅಗಲ ನೋಟ ಇದೆಯಲ್ಲ, ಮನೆ ಬಾಡಿಗೆಗೆ ಕೊಡಲು ಅಷ್ಟು ಸಾಲದೇ? (ಓದುಗರು, ವಿಜಯಪುರ)

ಉತ್ತರ: ಬಾಡಿಗೆಗೆ ಸಾಕು. ಬೆಳಗಿನ ಹೊತ್ತು ತೆಗೆಯಿರಿ, ಮೊಬೈಲ್ ನೆಟ್ಟಗೆ ಹಿಡಿಯಿರಿ. ಐಫೋನಿನ 0.5 ಅಂದರೆ ಫುಲ್ ಫ್ರೇಮಿನ 13 ಎಂಎಂನಷ್ಟು ಅಗಲ. ನಾನು ಮೇಲೆ ಬೇಡ ಅಂದ 10 ಎಂಎಂಗಿಂತಲೂ (ಫುಲ್ ಫ್ರೇಮಿನ ಲೆಕ್ಕದಲ್ಲಿ ಅದು 16) ಜಾಸ್ತಿ. ಹಾಗಾಗಿ 0.5ರಿಂದ ತುಸು ಒಳಗೆ, 0.6 ಅಥವಾ 0.7ಕ್ಕೆ ಜೂಮ್ ಮಾಡಿ ತೆಗೆಯಿರಿ.

ಪ್ರಶ್ನೆ: ಹಳೆಯ 10-18 ಒಂದು ಕಡಿಮೆ ಬೆಲೆಗೆ ಬಂದಿದೆ. ಏನು ನೋಡಿ ತಗೊಳ್ಳಬೇಕು? (ಓದುಗರು, ಬೆಳಗಾವಿ)

ಉತ್ತರ: ನಮ್ಮೂರಿನ ಮಳೆಗಾಲ ಗೊತ್ತಲ್ಲ, ಬ್ಯಾಗಿನಲ್ಲಿ ಮುಚ್ಚಿಟ್ಟ ಲೆನ್ಸಿಗೆ ಫಂಗಸ್ ಬೇಗ ಹಿಡಿಯುತ್ತದೆ. ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಜೇಡರ ಬಲೆಯಂಥ ಸಣ್ಣ ಎಳೆ ಕಂಡರೆ ಬೇಡ. ಒಂದೆರಡು ಧೂಳಿನ ಕಣ ಇದ್ದರೆ ಚಿಂತೆಯಿಲ್ಲ. ಆಮೇಲೆ ಟೈಲ್ಸ್ ಹಾಕಿದ ಗೋಡೆಯ ಎದುರು ಕ್ಯಾಮೆರಾ ನೇರ ನಿಲ್ಲಿಸಿ, 10 ಎಂಎಂ, ಎಫ್/8ರಲ್ಲಿ ಒಂದು ಫೋಟೋ ತೆಗೆದು ನಾಲ್ಕೂ ಮೂಲೆ ದೊಡ್ಡದು ಮಾಡಿ ನೋಡಿ. ನಾಲ್ಕೂ ಒಂದೇ ತೆರನಾಗಿ ಸ್ವಲ್ಪ ಮೆತ್ತಗಿದ್ದರೆ ನಡೆಯುತ್ತದೆ. ಮೂರು ಚೆನ್ನಾಗಿದ್ದು ಒಂದೇ ಮೂಲೆ ಮಸುಕಾಗಿದ್ದರೆ ಲೆನ್ಸ್ ಎಲ್ಲೋ ಬಿದ್ದಿರಬಹುದು, ಎಷ್ಟೇ ಅಗ್ಗವಾದರೂ ವಾಪಸ್ ಕೊಡಿ.