ಇಂಗ್ಲೆಂಡಿನ ಹಳೇ ಕಾಡಿನ ಅಂಚಲ್ಲಿ ಮನೆ ಕೊಂಡರೆ, ತೋಟಕ್ಕೆ ಬರುವ ಪ್ರಾಣಿಗಳನ್ನು ತಡೆಯಬೇಕಾ?

ನೀವು ಕೇಳಿದ್ದು ಇಷ್ಟು: ದಕ್ಷಿಣ ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಕಾಟೇಜ್ ನೋಡಿದ್ದೀರಿ. ಹಿತ್ತಿಲು ಮುಗಿಯುವಲ್ಲೇ ಏನ್ಷಿಯೆಂಟ್ ವುಡ್‌ಲ್ಯಾಂಡ್, ಅಂದರೆ ಶತಮಾನಗಳಷ್ಟು ಹಳೇ ಕಾಡು, ಶುರುವಾಗುತ್ತದೆ. ಜಿಂಕೆ, ಬ್ಯಾಜರ್ (ಮುಖದ ಮೇಲೆ ಕಪ್ಪು-ಬಿಳಿ ಪಟ್ಟೆಯಿರುವ, ಬಿಲ ತೋಡುವ ಪ್ರಾಣಿ), ನರಿ ಎಲ್ಲ ತೋಟಕ್ಕೆ ಬರುತ್ತವಂತೆ. ಸುತ್ತಲೂ ಗಟ್ಟಿ ಬೇಲಿ ಹಾಕಿಸಿಬಿಡಲಾ?

ಬೇಡ. ನಾನೂ ಅಂಥದ್ದೇ ಮನೆಯಲ್ಲಿದ್ದೇನೆ, ಓಕ್ ಮತ್ತು ಹೇಝಲ್ ಮರಗಳ ಕಾಡಿನ ಪಕ್ಕ. ಕಾಡಿನಿಂದ ಬರುವ ಪ್ರಾಣಿ ಒಂದಿಷ್ಟು ತಿಂದು, ಕೆದಕಿ, ಬೆಳಗಾಗುವುದರೊಳಗೆ ವಾಪಸ್ ಹೋಗುತ್ತದೆ. ಆದರೆ ನಮ್ಮ ತೋಟದಿಂದ ಕಾಡಿಗೆ ಹೋಗುವ ಗಿಡ, ಗೊಬ್ಬರ, ಬೆಳಕು ಮಾಡುವ ಹಾನಿ ಅಷ್ಟು ಸುಲಭಕ್ಕೆ ಸರಿಯಾಗುವುದಿಲ್ಲ. ನನಗೆ ಚಿಂತೆ ಜಾಸ್ತಿ ಇರುವುದು ಇದರ ಬಗ್ಗೆಯೇ.

ಮೊದಲು ಆ ಕಾಡು ಎಂಥದ್ದು ಅಂತ ತಿಳಿದುಕೊಳ್ಳಿ. ಇಂಗ್ಲೆಂಡಿನಲ್ಲಿ 1600ರಿಂದ ಬಿಡದೆ ಕಾಡಾಗಿಯೇ ಉಳಿದ ಜಾಗಕ್ಕೆ ಮಾತ್ರ ಏನ್ಷಿಯೆಂಟ್ ವುಡ್‌ಲ್ಯಾಂಡ್ ಅನ್ನುವ ಹೆಸರು. ಸ್ಕಾಟ್ಲೆಂಡಿನಲ್ಲಿ 1750 ಅಂತ ಲೆಕ್ಕ. ಅದಕ್ಕೂ ಹಿಂದೆ ಗಿಡ ನೆಟ್ಟು ಕಾಡು ಬೆಳೆಸುವ ರೂಢಿ ಕಡಿಮೆ ಇತ್ತು. ಹಾಗಾಗಿ ಆಗ ಇದ್ದ ಕಾಡು ತಾನಾಗಿಯೇ ಬೆಳೆದದ್ದು ಅಂತ ನಂಬಬಹುದು. ಇಡೀ ಬ್ರಿಟನ್ನಿನ ನೆಲದಲ್ಲಿ ಇಂಥ ಕಾಡು ಉಳಿದಿರುವುದು ಶೇಕಡಾ 2.5ರಷ್ಟು. ಮರಗಳು ತೀರಾ ಹಳೆಯವೇ ಆಗಿರಬೇಕು ಅಂತೇನಿಲ್ಲ, ಶತಮಾನಗಳಿಂದ ಕಡಿದು ಕಡಿದು ಮತ್ತೆ ಚಿಗುರಿಸಿದ ಹೇಝಲ್ ಪೊದೆಗಳೇ ಎಷ್ಟೋ. ಹಳೆಯದು ಮಣ್ಣು. ಅದರೊಳಗಿನ ಶಿಲೀಂಧ್ರ, ಬೀಜ, ಗೆಡ್ಡೆ. ಅಲ್ಲಿ ಅರಳುವ ವುಡ್ ಅನಿಮೋನಿ ಎಂಬ ಪುಟ್ಟ ಬಿಳಿ ಹೂವಿನ ಗಿಡ ನೂರು ವರ್ಷದಲ್ಲಿ ಆರಡಿ ಹಬ್ಬಿದರೆ ಹೆಚ್ಚು. ಬ್ಲೂಬೆಲ್ ಎಂಬ ನೀಲಿ ಹೂವಿನ ಗಿಡ ಬೀಜದಿಂದ ಹೂವಾಗಲು ಐದು ವರ್ಷವಾದರೂ ಬೇಕು. ಕಡಿದು ಮತ್ತೆ ನೆಟ್ಟರೆ ಬರುವ ಕಾಡಲ್ಲ ಇದು.

ಈಗ ಬ್ಯಾಜರ್. ನಿಮಗೆ ಮೊದಲು ಎದುರಾಗುವ ತಲೆನೋವು ಅದೇ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಹುಲ್ಲುಹಾಸಿನ ತುಂಬ ಗುಂಡಿ. ಮೂತಿ ತಿವಿದು ಮಾಡಿದ್ದು, ಕೆಳಕ್ಕೆ ಚೂಪಾಗುತ್ತಾ ಹೋಗಿರುತ್ತದೆ. ಪಕ್ಕದಲ್ಲಿ ಹುಲ್ಲು ಬೇರುಸಮೇತ ಮಗುಚಿ ಬಿದ್ದಿರುತ್ತದೆ. ಬೇಲಿ ತಂತಿಯ ಕೆಳಗಡೆ ಬಗ್ಗಿ ನೋಡಿ, ಒರಟು ಕೂದಲು ಸಿಕ್ಕಿಕೊಂಡಿರುತ್ತದೆ: ಬುಡ ಬಿಳಿ, ನಡುವೆ ಒಂದು ಕಪ್ಪು ಪಟ್ಟಿ, ತುದಿ ಮತ್ತೆ ಬಿಳಿ. ಎರಡು ಬೆರಳ ನಡುವೆ ಹೊಸೆದರೆ ಸರಾಗವಾಗಿ ಉರುಳುವುದಿಲ್ಲ, ತಡೆದು ತಡೆದು ಹೊರಳುತ್ತದೆ. ಆ ಕೂದಲು ದುಂಡಗಿಲ್ಲ, ಸ್ವಲ್ಪ ಚಪ್ಪಟೆ, ಅದಕ್ಕೇ. ಇದು ಸಿಕ್ಕಿದರೆ ಬಂದದ್ದು ನರಿಯಲ್ಲ, ಬ್ಯಾಜರ್ ಅಂತ ಖಾತ್ರಿ.

ಅದರ ಮುಖ್ಯ ಊಟ ಎರೆಹುಳು. ಹುಲ್ಲಿನ ಬೇರು ತಿನ್ನುವ ಗೊಣ್ಣೆಹುಳುವೂ ಇಷ್ಟ. ಅಂದರೆ ನಿಮ್ಮ ಹುಲ್ಲು ಕೆದಕಿಹೋಗಿದ್ದರೆ ಕೆಳಗೆ ಗೊಣ್ಣೆಹುಳು ಮೊದಲೇ ಸೇರಿಕೊಂಡಿತ್ತು ಅಂತಲೂ ಆಗಬಹುದು. ಮಗುಚಿದ ಹುಲ್ಲನ್ನು ಕಾಲಲ್ಲಿ ಒತ್ತಿ, ನೀರು ಹಾಕಿ, ಅದು ಮತ್ತೆ ಹಿಡಿಯುತ್ತದೆ. ಬ್ಯಾಜರ್‌ಗಳು ತಲೆಮಾರುಗಳಿಂದ ಒಂದೇ ಕಾಲುದಾರಿ ಹಿಡಿಯುತ್ತವೆ. ಆ ದಾರಿಗೆ ಅಡ್ಡ ಬೇಲಿ ಹಾಕಿದರೆ ಕೆಳಗಿಂದ ತೋಡಿ ಬರುತ್ತವೆ, ಇಲ್ಲವೇ ತಂತಿಯನ್ನೇ ಎತ್ತಿ ನುಗ್ಗುತ್ತವೆ. ದಾರಿ ಬಿಟ್ಟುಕೊಡಿ, ಜಗಳ ಮುಗಿಯಿತು. ಅವುಗಳ ಬಿಲವನ್ನಂತೂ ಮುಟ್ಟಲೇ ಬೇಡಿ. 1992ರ ಬ್ಯಾಜರ್ ರಕ್ಷಣಾ ಕಾಯ್ದೆ ಪ್ರಕಾರ, ಬ್ಯಾಜರ್ ವಾಸವಿರುವ ಬಿಲ ಮುಚ್ಚುವುದು, ಕೆಡಿಸುವುದು ಅಪರಾಧ.

ಜಿಂಕೆಗೆ ಬೇಲಿ ಬೇಕೇ ಬೇಕು ಅನ್ನಿಸಿದರೆ ತರಕಾರಿ ಮಡಿಗಳಿಗೆ ಮಾತ್ರ ಹಾಕಿ. ರೋ ಜಿಂಕೆಗೆ, ಮುಂಟ್‌ಜಾಕ್‌ಗೆ ಒಂದೂವರೆ ಮೀಟರ್ ಎತ್ತರ ಸಾಕು. ಮುಂಟ್‌ಜಾಕ್ ನಮ್ಮ ಕಾಡುಕುರಿಯ ದಾಯಾದಿ. ಚೀನಾದಿಂದ ತಂದು ವೋಬರ್ನ್ ಎಂಬಲ್ಲಿ ಸಾಕಿದ್ದವು ತಪ್ಪಿಸಿಕೊಂಡು, ಇಪ್ಪತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಬಹುಭಾಗಕ್ಕೆ ಹರಡಿದವು. ರಾತ್ರಿ ನಾಯಿ ಬೊಗಳಿದಂತೆ ಒಂದೇ ಸಮ ಕೇಳಿಸಿದರೆ ಹೆದರಬೇಡಿ, ಅದೇ. ಗುಲಾಬಿ, ಟುಲಿಪ್ ಮೊಗ್ಗುಗಳೆಂದರೆ ಜಿಂಕೆಗಳಿಗೆ ಪ್ರಾಣ. ಫಾಕ್ಸ್‌ಗ್ಲವ್, ಡ್ಯಾಫೊಡಿಲ್, ಲ್ಯಾವೆಂಡರ್ ಹತ್ತಿರ ಸಾಮಾನ್ಯವಾಗಿ ಸುಳಿಯುವುದಿಲ್ಲ. ಕಾಡಿನ ಕಡೆಯ ಅಂಚಿಗೆ ಇವನ್ನು ಹಾಕಿ, ಗುಲಾಬಿಯನ್ನು ಮನೆಯ ಗೋಡೆಗೆ ಹಬ್ಬಿಸಿ.

ಜಿಂಕೆ ಇದ್ದಲ್ಲಿ ಉಣ್ಣಿ ಇರುತ್ತದೆ. ಇದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ, ಲೈಮ್ ಕಾಯಿಲೆ ಹರಡುವುದು ಉಣ್ಣಿಯಿಂದಲೇ. ಉದ್ದ ಹುಲ್ಲಲ್ಲಿ ಓಡಾಡಿ ಬಂದ ಮೇಲೆ ಮೊಣಕಾಲಿನ ಹಿಂದೆ, ಕಂಕುಳಲ್ಲಿ, ಮಕ್ಕಳ ಕೂದಲಂಚಿನಲ್ಲಿ ನೋಡಿ. ಕಚ್ಚಿದ್ದರೆ ಸಣ್ಣ ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಮುಂದಿನ ವಾರಗಳಲ್ಲಿ ಉಂಗುರದಂತೆ ಕೆಂಪಾದರೆ ಅಥವಾ ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗಿ, ಉಣ್ಣಿಯ ವಿಷಯ ಹೇಳಿ. ಎಲ್ಲರಿಗೂ ಆ ಉಂಗುರ ಕಾಣಿಸಿಕೊಳ್ಳಬೇಕು ಅಂತೇನಿಲ್ಲ.

ನಿಮ್ಮ ಇನ್ನೊಂದು ಭಯ ಹಾವು ಅಲ್ವಾ? ಇಲ್ಲಿ ಕಾಡಲ್ಲಿರುವ ವಿಷದ ಹಾವು ಒಂದೇ, ಆ್ಯಡರ್. ಬೆನ್ನುದ್ದಕ್ಕೂ ಅಂಕುಡೊಂಕು ಪಟ್ಟಿ ಇರುತ್ತದೆ, ಮನುಷ್ಯರು ಕಂಡರೆ ಸರಿದುಹೋಗುತ್ತದೆ. ಗೊಬ್ಬರದ ರಾಶಿಯಲ್ಲಿ ನಿಮಗೆ ಸಿಗುವುದು ಹೆಚ್ಚಾಗಿ ಸ್ಲೋ ವರ್ಮ್. ನನಗೆ ಈ ತೋಟದಲ್ಲಿ ಎಲ್ಲಕ್ಕಿಂತ ಪ್ರೀತಿಯ ಜೀವಿ ಅದು. ರಾಶಿಯ ಮೇಲೆ ಹೊದಿಸಿದ ಹಳೇ ಜಮಖಾನೆ ಎತ್ತಿದರೆ ತಾಮ್ರದ ಬಣ್ಣಕ್ಕೆ ಹೊಳೆಯುತ್ತಾ ಮಲಗಿರುತ್ತದೆ. ಸ್ವಲ್ಪ ಹೊತ್ತು ಅಲುಗಾಡದೆ ನಿಂತು ಅದರ ಮುಖ ನೋಡಿ, ಕಣ್ಣು ಮಿಟುಕಿಸುತ್ತದೆ! ಹಾವಿಗೆ ರೆಪ್ಪೆ ಇಲ್ಲ. ಇದು ಕಾಲಿಲ್ಲದ ಹಲ್ಲಿ. ಕೈಯಲ್ಲಿ ಹಿಡಿಯಬೇಡಿ, ಬಾಲ ಕಳಚಿಕೊಳ್ಳುತ್ತದೆ. ಇದರ ಮೆಚ್ಚಿನ ಊಟ ಸ್ಲಗ್, ಅಂದರೆ ನಿಮ್ಮ ಲೆಟ್ಯೂಸನ್ನು ರಾತ್ರೋರಾತ್ರಿ ಮುಗಿಸುವ ಚಿಪ್ಪಿಲ್ಲದ ಬಸವನಹುಳು. ಹಾಗಾಗಿ ಸ್ಲಗ್‌ಗೆ ವಿಷ ಹಾಕಬೇಡಿ. ಮೆಟಾಲ್ಡಿಹೈಡ್ ಗುಳಿಗೆಗಳನ್ನು ತೋಟದಲ್ಲಿ ಬಳಸುವುದಕ್ಕೆ 2022ರಿಂದ ನಿಷೇಧವೇ ಇದೆ. ಹಳೇ ಮಾಲೀಕರು ಶೆಡ್ಡಿನಲ್ಲಿ ಡಬ್ಬಿ ಬಿಟ್ಟುಹೋಗಿದ್ದರೆ ಅಪಾಯಕಾರಿ ಕಸ ತೆಗೆದುಕೊಳ್ಳುವಲ್ಲಿಗೆ ಕೊಟ್ಟುಬಿಡಿ.

ಹೆಡ್ಜ್‌ಹಾಗ್, ಅಂದರೆ ಮೈತುಂಬ ಮುಳ್ಳಿರುವ ಪುಟ್ಟ ಪ್ರಾಣಿ, ಬಂದರೆ ಅದೃಷ್ಟ. ಬ್ಯಾಜರ್ ಜಾಸ್ತಿ ಇರುವಲ್ಲಿ ಅವು ಕಡಿಮೆ, ಏಕೆಂದರೆ ಬ್ಯಾಜರ್ ಅವನ್ನು ತಿನ್ನುತ್ತದೆ. ಪಕ್ಕದ ತೋಟಗಳ ಕಡೆಯ ಬೇಲಿಯಲ್ಲಿ 13 ಸೆಂಟಿಮೀಟರ್ ಚೌಕದ ಕಿಂಡಿ ಬಿಡಿ, ಹೆಡ್ಜ್‌ಹಾಗ್ ನುಸುಳುವುದಕ್ಕೆ ಅಷ್ಟು ಸಾಕು. ಹಾಲು ಇಡಬೇಡಿ, ಅದಕ್ಕೆ ಅರಗುವುದಿಲ್ಲ. ನೀರಿಡಿ.

ಇನ್ನು ನನ್ನ ಚಿಂತೆಯ ವಿಷಯ. ಎಷ್ಟೋ ಜನ ಕತ್ತರಿಸಿದ ಹುಲ್ಲು, ಕಳೆ ಎಲ್ಲವನ್ನೂ ಬೇಲಿ ದಾಟಿಸಿ ಕಾಡಿಗೆ ಸುರಿಯುತ್ತಾರೆ. ಕಾಡಿಗೆ ಗೊಬ್ಬರ ಆಗುತ್ತದೆ ಬಿಡಿ ಅನ್ನುತ್ತಾರೆ. ಆ ಮಣ್ಣಿಗೆ ಗೊಬ್ಬರವೇ ಬೇಡ! ಸಾರ ಜಾಸ್ತಿಯಾದ ಕಡೆ ತುರಿಕೆ ಗಿಡ ನುಗ್ಗುತ್ತದೆ, ಅನಿಮೋನಿ ಸಾಯುತ್ತದೆ. ಕಳೆಯ ಜೊತೆ ಗೆಡ್ಡೆಗಳೂ ಹೋಗುತ್ತವೆ. ತೋಟಗಳಲ್ಲಿ ಬೆಳೆಸುವ ಸ್ಪ್ಯಾನಿಷ್ ಬ್ಲೂಬೆಲ್ ಹೀಗೇ ಕಾಡು ಸೇರಿ ಅಲ್ಲಿನದರ ಜೊತೆ ಬೆರಕೆಯಾಗುತ್ತಿದೆ. ಕಾಡಿನದು ತಲೆ ಬಾಗಿಸಿ ಒಂದೇ ಪಕ್ಕಕ್ಕೆ ಜೋತಿರುತ್ತದೆ, ಸುವಾಸನೆ ಇರುತ್ತದೆ, ಪರಾಗ ಕೆನೆಬಿಳಿ. ಸ್ಪ್ಯಾನಿಷ್ ನೆಟ್ಟಗೆ ನಿಂತಿರುತ್ತದೆ, ದಂಟಿನ ಸುತ್ತಲೂ ಹೂವು. ನಿಮ್ಮ ತೋಟದಲ್ಲಿ ಅದಿದ್ದರೆ ಗೆಡ್ಡೆಸಮೇತ ಕಿತ್ತು ಒಣಗಿಸಿ.

ಹಿಮಾಲಯನ್ ಬಾಲ್ಸಮ್ ಇದ್ದರೂ ಅಷ್ಟೇ. ನಮ್ಮ ಕರ್ಣಕುಂಡಲದ ಜಾತಿ, ಕಾಯಿ ಮುಟ್ಟಿದರೆ ಸಿಡಿಯುತ್ತದೆ, ಬೀಜ ಏಳು ಮೀಟರ್ ದೂರದವರೆಗೂ ಹಾರುತ್ತದೆ. 1839ರಲ್ಲಿ ಅಂದದ ಗಿಡ ಅಂತ ತಂದದ್ದು, ಈಗ ಹೊಳೆದಂಡೆಗಳನ್ನೆಲ್ಲ ಆವರಿಸಿದೆ. ಕಾಯಿ ಕಟ್ಟುವ ಮುಂಚೆ ಕೀಳಿ.

ಹಿತ್ತಿಲಿಗೆ ರಾತ್ರಿಯಿಡೀ ಉರಿಯುವ ದೀಪ ಬೇಡ. ಎಷ್ಟೋ ಜಾತಿಯ ಬಾವಲಿಗಳು ಬೆಳಕಿದ್ದ ಕಡೆ ಸುಳಿಯುವುದೇ ಇಲ್ಲ. ಅವು ಗೂಡಿನಿಂದ ಹೊರಬೀಳುವುದೂ ತಡವಾಗುತ್ತದೆ, ಅಷ್ಟರಲ್ಲಿ ಮುಸ್ಸಂಜೆಯ ಹುಳುಗಳು ಕಡಿಮೆಯಾಗಿರುತ್ತವೆ.

ಮನೆ ಕೊಳ್ಳುವ ಮುಂಚೆ ಮೂರು ವಿಷಯ ವಿಚಾರಿಸಿ. ಅಟ್ಟದಲ್ಲಿ ಬಾವಲಿ ಇವೆಯಾ? ಇದ್ದರೆ ಛಾವಣಿ ರಿಪೇರಿಗೆ ಮುಂಚೆ ತಿಳಿದವರನ್ನು ಕರೆಸಬೇಕು, ಸುಮ್ನೆ ಹೆಂಚು ಕೀಳುವಂತಿಲ್ಲ. ಕಾಡಿನ ಒಡೆಯರು ಯಾರು, ನಿಮ್ಮ ಕಡೆಗೆ ಚಾಚಿದ ಮರಗಳ ಹೊಣೆ ಯಾರದು? ಮನೆ ವಿಸ್ತರಿಸುವ ಯೋಚನೆ ಇದ್ದರೆ, ಹೊಸ ಕಟ್ಟಡ ಮತ್ತು ಇಂಥ ಕಾಡಿನ ನಡುವೆ ಕನಿಷ್ಠ 15 ಮೀಟರ್ ಬಿಡಬೇಕು ಅಂತ ಸರ್ಕಾರದ ಸಲಹೆ ಇದೆ, ಅಷ್ಟು ಜಾಗ ನಿಮಗಿದೆಯಾ? ಕಾಡಿನ ಗಡಿ ನೋಡಲು ಸರ್ಕಾರದ್ದೇ 'ಮ್ಯಾಜಿಕ್' ಅನ್ನುವ ಉಚಿತ ನಕ್ಷೆ ಆನ್‌ಲೈನ್‌ನಲ್ಲಿದೆ. ಚಿಕ್ಕಪುಟ್ಟ ಕಾಡುಗಳು ಅದರಲ್ಲಿ ಬಿಟ್ಟುಹೋಗಿರುವುದುಂಟು. ಏಪ್ರಿಲ್ ಕೊನೆಗೆ ಒಮ್ಮೆ ಹೋಗಿ ನೋಡಿ. ನೆಲದ ತುಂಬ ಬ್ಲೂಬೆಲ್, ಅನಿಮೋನಿ, ಕಾಡು ಬೆಳ್ಳುಳ್ಳಿ ಒಟ್ಟಿಗೇ ಕಂಡರೆ, ನಕ್ಷೆಯಲ್ಲಿ ಇಲ್ಲದಿದ್ದರೂ ಅದು ಹಳೇ ಕಾಡೇ ಆಗಿರುವ ಸಾಧ್ಯತೆ ಜಾಸ್ತಿ.